ಅಪ್ಪ ಗಾಡಿಗೆ ಮೀಟರು ಕೂಡಿಸಿದ ವರ್ಷ

ಆಗ ಕಾತ್ರಜ ಘಾಟು ಹತ್ತುವ ಗಾಡಿಗಳೆಲ್ಲ ಕುದಿಯುತ್ತಿದ್ದವು. ದೊಡ್ಡ ಯುದ್ಧ ಮುಗಿದ ಹೊಸತು. ಸಾತಾರದ ಕಡೆಯಿಂದ ಪುಣೆಗೆ ಬರುವ ಲಾರಿ, ಮೋಟಾರುಗಳು ತಿರುವಿಗೊಂದರಂತೆ ಬಾನೆಟ್ಟು ತೆರೆದು ಹಬೆ ಬಿಡುತ್ತ ನಿಂತಿರುತ್ತಿದ್ದವು. ಡ್ರೈವರುಗಳು ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತ ಇಂಜಿನ್ನು ಆರಲಿ ಎಂದು ಕಾಯುತ್ತಿದ್ದರು. ಆ ಹಬೆಯ, ಕಾದ ರಬ್ಬರಿನ ವಾಸನೆ ನನ್ನ ವಾರಿಗೆಯವರಿಗೆ ನೆನಪಿರಬೇಕು.

ನನ್ನ ಅಪ್ಪ ಶಿವಪ್ಪ ವಿಜಾಪುರದ ಕಡೆಯಿಂದ ಬಂದು ಪುಣೆಯ ಮಂಡಈ ಎಂಬ ಕಾಯಿಪಲ್ಲೆ ಪೇಟೆಯ ಹತ್ತಿರ ಚನ್ನಪ್ಪ ಸಾವ್ಕಾರನ ಹಣ್ಣಿನ ಅಡತಿ ಅಂಗಡಿಯಲ್ಲಿ ಡ್ರೈವರಾಗಿದ್ದ. ಸಾವ್ಕಾರನೂ ನಮ್ಮ ಕಡೆಯವನೇ. ಅವನದೊಂದು ಹಳೆಯ ಪಿಕಪ್ ಗಾಡಿ ಇತ್ತು. ಯಾವುದೋ ದೊರೆಯ ಮೋಟಾರಿನ ಹಿಂಭಾಗ ಕೊಯ್ದು ಹಲಗೆ ಬಡಿದು ಮಾಡಿದ್ದು. ಅಪ್ಪ ಅದನ್ನು ಎಮ್ಮೆ ಮೈ ತೊಳೆದ ಹಾಗೆ ದಿನಾ ತೊಳೆಯುತ್ತಿದ್ದ.

ಒಂದು ಭಾನುವಾರ ಸಾವ್ಕಾರನ ಮಗ ಮಲ್ಲೇಶಿ ಗೆಳೆಯರನ್ನು ತುಂಬಿಕೊಂಡು ಅದೇ ಗಾಡಿಯಲ್ಲಿ ಘಾಟಿನಾಚೆಯ ಖೇಡ ಶಿವಾಪುರಕ್ಕೆ ಮಜಾ ಮಾಡಲು ಹೋದ. ಬರುವಾಗ ಘಾಟಿನಲ್ಲಿ ಎಲ್ಲೂ ನಿಲ್ಲಿಸದೆ ಹತ್ತಿಸಿದ. ಇಂಜಿನ್ನು ಸುಟ್ಟು ಹಿಡಿದುಕೊಂಡಿತು. ಮನೆಗೆ ಬಂದವನು, ಡ್ರೈವರು ಇಂಜಿನ್ನಿನ ಎಣ್ಣೆ ಬಸಿದು ಮಾರಿಕೊಂಡಿದ್ದಾನೆ ಎಂದು ಹೇಳಿದ. ಎಣ್ಣೆಗೆ ಬಂಗಾರದ ಬೆಲೆ ಬಂದಿದ್ದ ಕಾಲ, ಎಲ್ಲರೂ ನಂಬಿದರು.

ಮರುದಿನ ನಾನು ಅಪ್ಪನಿಗೆ ಬುತ್ತಿ ಒಯ್ದಾಗ ಅಂಗಡಿಯ ಮುಂದೆ ಗುಂಪು ಕೂಡಿತ್ತು. ಅಪ್ಪನ ಜೊತೆ ಸದಾ ಕನ್ನಡದಲ್ಲೇ ಮಾತಾಡುವ ಸಾವ್ಕಾರ ಅಂದು ಹಮಾಲರಿಗೂ ತರಕಾರಿ ಮಾರುವ ಹೆಂಗಸರಿಗೂ ತಿಳಿಯಲೆಂದು ಮರಾಠಿಯಲ್ಲಿ ಕೂಗಿದ. ಕಳ್ಳ ಅಂದ. ಅಪ್ಪನ ತಲೆಯ ಟೋಪಿ ಕಿತ್ತು ಬೀದಿಗೆಸೆದ.

"ಇಲ್ರೀ ಸಾವ್ಕಾರ್ರ, ನಾ ಒಂದು ಹನಿ ಮುಟ್ಟಿಲ್ರೀ. ಸಣ್ಣ ಸಾವ್ಕಾರ್ರನ್ನ ಕೇಳ್ರಿ," ಎಂದು ಅಪ್ಪ ಕೈ ಮುಗಿದ.

ಮಲ್ಲೇಶಿ ಅಂಗಡಿಯ ಮೆಟ್ಟಿಲ ಮೇಲೆ ಎಲೆ ಅಡಿಕೆ ಜಗಿಯುತ್ತ ಬೇರೆ ಕಡೆ ನೋಡುತ್ತಿದ್ದ.

"ಪಗಾರ ಬೇಕೇನ ನಿನಗ? ಆ ಹೆಣಾನ ನಿನ್ನ ಪಗಾರ. ಎಳಕೊಂಡು ಹೋಗು," ಎಂದು ಸಾವ್ಕಾರ ಗಾಡಿಯ ಕಡೆ ಕೈ ತೋರಿಸಿದ.

ಬೀದಿಯಲ್ಲಿ ಬಿದ್ದ ಟೋಪಿಯನ್ನು ನಾನೇ ಎತ್ತಿಕೊಂಡೆ. ಅದರ ಮೇಲೆ ಯಾರೋ ತುಳಿದ ಬಾಳೆಹಣ್ಣು ಮೆತ್ತಿತ್ತು. ಸಂಜೆ ಅಪ್ಪ ಯಾರದೋ ಎತ್ತು ಬೇಡಿ ತಂದು ಗಾಡಿಗೆ ಕಟ್ಟಿ, ಇಡೀ ಪೇಟೆ ನೋಡುತ್ತಿದ್ದಂತೆ ಹಲವು ಸಂಸಾರಗಳು ಬಾಡಿಗೆಗಿದ್ದ ನಮ್ಮ ವಾಡೆಯ ಅಂಗಳಕ್ಕೆ ಎಳೆಸಿಕೊಂಡು ಬಂದ.

ಅವ್ವ ಅಳಲಿಲ್ಲ. ಅಪ್ಪನ ಮುಂದೆ ನೀರಿನ ತಂಬಿಗೆ ಇಟ್ಟು ಅಂದಳು: "ಸುಳ್ಳು ಹೇಳಿದ ಬಾಯಿಂದನ ಖರೇ ಹೇಳಸ್ರಿ. ಅದೂ ಅಲ್ಲೇ, ಅದೇ ಮಂದಿ ಮುಂದ. ಅಲ್ಲೀತನಕಾ ನನ್ನ ಹೊಟ್ಟಿ ತಣ್ಣಗಾಗಂಗಿಲ್ಲ."

ನನ್ನ ಹೊಟ್ಟೆಯೂ ಉರಿಯುತ್ತಿತ್ತು. ವಾಡೆಯ ಹುಡುಗಿಯರು ಸಾಗರಗೋಟಿ, ಅಂದರೆ ಗಜ್ಜುಗದ ಆಟ, ಆಡುವಾಗ ನನ್ನನ್ನು 'ತೇಲ್‌ಚೋರಾಚಿ ಮುಲ್ಗೀ' ಎಂದರು. ಎಣ್ಣೆ ಕಳ್ಳನ ಮಗಳು. ಅಂದವಳ ಕೈಯನ್ನು ರಕ್ತ ಬರುವ ಹಾಗೆ ಕಚ್ಚಿದೆ. ಅವ್ವ ಬೈಯಲಿಲ್ಲ, ಅಂದು ನನ್ನ ಜೋಳದ ಭಕ್ಕರಿಗೆ ಬೆಣ್ಣೆ ಹೆಚ್ಚು ಹಾಕಿದಳು.

ಅಪ್ಪ ಹಗಲು ಕ್ಯಾಂಪಿನ, ಅಂದರೆ ದಂಡು ಪ್ರದೇಶದ, ಗ್ಯಾರೇಜಿನಲ್ಲಿ ದುಡಿಯುತ್ತಿದ್ದ, ಸಂಜೆ ಬಂದು ಇಂಜಿನ್ನು ಬಿಚ್ಚುತ್ತಿದ್ದ. ಮಳೆಗಾಲ, ಚಳಿಗಾಲ ಹಾಗೇ ಕಳೆದವು. ಇಂಜಿನ್ನು ಮೊದಲ ಸಲ ಉಸಿರಾಡಿದ ವಾರವೇ ಅವನು ಜೂನಾ ಬಜಾರಿನಿಂದ ಗೋಣಿ ಚೂರಿನಲ್ಲಿ ಸುತ್ತಿ ಮೂರು ದುಂಡು ಮೀಟರು ತಂದ. ಯುದ್ಧದಿಂದ ಮರಳಿ ಗುಜರಿಗೆ ಬಿದ್ದ ಮಿಲಿಟರಿ ಗಾಡಿಗಳಿಂದ ಬಿಚ್ಚಿದವು. ಒಂದು ನೀರು ಎಷ್ಟು ಕಾದಿದೆ ಎಂದು ಹೇಳುವಂಥದು, ಒಂದು ಎಣ್ಣೆಯ ಒತ್ತಡ ತೋರಿಸುವಂಥದು, ಇನ್ನೊಂದು ಬ್ಯಾಟರಿಯದು.

"ಇನ್ನ ಮ್ಯಾಲೆ ಈ ಗಾಡ್ಯಾಗ ಕುಂತವರು ಯಾರೂ ಸುಳ್ಳು ಹೇಳಾಕ ಬರಬಾರ್ದು," ಅಂದ.

ಮುರಿದ ಮಂಚದ ಸಾಗುವಾನಿ ಹಲಗೆಯಲ್ಲಿ ಮೀಟರು ಕೂರುವಷ್ಟು ದುಂಡಗೆ ಸುತ್ತಲೂ ಸಣ್ಣ ತೂತು ಕೊರೆದು, ನಡುವಿನ ಬಿಲ್ಲೆ ಬಡಿದು ಕೆಡವಿ, ಅಂಚನ್ನು ನನ್ನಿಂದ ಅರ ಹಾಕಿಸಿದ. ನೀರಿನ ಮೀಟರಿಗೆ ಇಲಿಯ ಬಾಲದಂಥ ತಾಮ್ರದ ನಳಿಗೆ, ಅದರ ತುದಿಗೆ ಕಾವು ಹಿಡಿಯುವ ಹಿತ್ತಾಳೆಯ ಬುಗುಟು. "ಇದನ್ನ ಮಡಚಬ್ಯಾಡ ಗಂಗವ್ವಾ. ಮುರದ್ರ ಮೀಟರ್ ಸತ್ತಂಗ," ಎಂದು ನನ್ನನ್ನು ಎಚ್ಚರಿಸಿದ. ಸರಿಯಾಗಿ ತೋರಿಸುತ್ತದೋ ಇಲ್ಲವೋ ನೋಡಲು ಆ ಬುಗುಟನ್ನು ಅವ್ವ ಭಕ್ಕರಿ ಹಿಟ್ಟಿಗೆಂದು ಕಾಯಲಿಟ್ಟ ಎಸರಿನಲ್ಲಿ ಇಳಿಬಿಟ್ಟ. ನಾವು ಮೂವರೂ ಒಲೆಯ ಮುಂದೆ ಕೂತು ಮುಳ್ಳನ್ನೇ ನೋಡಿದೆವು. ಅದು ನಿಧಾನ ಮೇಲೇರಿ, ಎಸರು ಕೊತಕೊತ ಕುದಿಯುವಾಗ ಒಂದು ಕಡೆ ನಿಂತಿತು. ಅವ್ವ ತನ್ನ ಕುಂಕುಮಕ್ಕೆ ವಾರ್ನಿಶ್ ಕಲಸಿ, ಗಾಜಿನ ಮೇಲೆ ಅಲ್ಲೊಂದು ಕೆಂಪು ಗೆರೆ ಎಳೆದಳು. ಆಮೇಲೆ ಅಪ್ಪ ರೇಡಿಯೇಟರಿನ ಮೇಲಿನ ಕೊಳವೆ ಕತ್ತರಿಸಿ, ನಡುವೆ ಹಿತ್ತಾಳೆ ತುಂಡು ಸೇರಿಸಿ ಆ ಬುಗುಟು ಕೂಡಿಸಿದ. ಎಣ್ಣೆಯ ನಳಿಗೆ ಇಂಜಿನ್ನಿನ ಹೊಟ್ಟೆಗೆ ಹೋಯಿತು, ಮೀಟರಿನ ಹಲಗೆ ಸ್ಟೀರಿಂಗಿನ ಪಕ್ಕದಲ್ಲಿ ಕೂತಿತು.

ಬೇಸಿಗೆ ಸೂಟಿಯಲ್ಲಿ ನಾನು ಅಪ್ಪನ ಜೊತೆ ಬಾಡಿಗೆಗೆ ಹೋಗುತ್ತಿದ್ದೆ. ಮೀಟರು ನೋಡಿ ಹೇಳುವುದು ನನ್ನ ಕೆಲಸ.

"ಗಂಗವ್ವಾ, ನೀರು?"

"ನಡುವ ಅದ."

"ಎಣ್ಣಿ?"

"ಗಟ್ಟಿ ಅದ."

ಅಕ್ಷಯ ತೃತೀಯೆಯ ದಿನ ಬೆಳಿಗ್ಗೆ ಭೋರ್ ಕಡೆಯಿಂದ ಬರಿಗಾಡಿಯಲ್ಲಿ ಮರಳುತ್ತಿದ್ದೆವು. ಘಾಟಿನ ಬುಡದಲ್ಲಿ ಸಾವ್ಕಾರನ ಹೊಸ ಲಾರಿ ಅಚ್ಚು ಮುರಿದು ಒರಗಿತ್ತು. ತುಂಬ ಮಾವಿನ ಬುಟ್ಟಿಗಳು. ಪುಣೆಯಲ್ಲಿ ಮಾವು ಮಾರುವ ದಿನವೆಂದರೆ ಅದೇ. ಆ ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ಬಿಟ್ಟರೆ ಹಣ್ಣು ಮೆತ್ತಗಾಗಿ ಹೋಗುತ್ತಿತ್ತು. ಪಕ್ಕದಲ್ಲಿ ಮಲ್ಲೇಶಿ ನಿಂತಿದ್ದ. ನಮ್ಮನ್ನು ಕಂಡು ಅವನ ಮುಖ ಕಪ್ಪಿಟ್ಟಿತು. ಆದರೂ ಕೈ ಅಡ್ಡ ಹಿಡಿದ.

"ಶಿವಪ್ಪಾ, ಹಣ್ಣು ಮುಟ್ಟಸ್ತೀಯೇನ?"

"ಮುಟ್ಟಸ್ತೀನ್ರೀ ಸಣ್ಣ ಸಾವ್ಕಾರ್ರ. ಏರ್ರಿ," ಎಂದ ಅಪ್ಪ. ಅಷ್ಟು ಸುಲಭಕ್ಕೆ ಒಪ್ಪಿದ್ದು ನೋಡಿ ನನಗೆ ಅಪ್ಪನ ಮೇಲೇ ಸಿಟ್ಟು ಬಂತು.

ಬುಟ್ಟಿ ಹೇರಿದ ಮೇಲೆ ನಾನು ನಡುವೆ, ಮಲ್ಲೇಶಿ ಆ ತುದಿಗೆ. ಗಾಡಿ ತುಂಬ ಮಾವಿನ ವಾಸನೆ. ಏರು ಶುರುವಾಯಿತು. ಇಂಜಿನ್ನು ಆರಿಸಲು ನಾವು ಯಾವಾಗಲೂ ನಿಲ್ಲುವ ಆಲದ ಮರ ಬಂತು. ಅಪ್ಪ ನಿಲ್ಲಿಸಲಿಲ್ಲ.

"ಅಪ್ಪಾ, ನೀರು ಗೆರಿ ಹತ್ರ ಬಂತು."

ಅಪ್ಪ ರಸ್ತೆಯನ್ನೇ ನೋಡುತ್ತ ಗಾಡಿ ಹತ್ತಿಸಿದ. ಅಪ್ಪನ ಹೂಟ ಆಗ ನನಗೆ ತಿಳಿಯಿತು. ಮೀಟರನ್ನು ಬಿಟ್ಟು ಮಲ್ಲೇಶಿಯ ಮುಖ ನೋಡತೊಡಗಿದೆ. ಅವನ ಕಣ್ಣು ಮುಳ್ಳಿಗೆ ಅಂಟಿತ್ತು.

ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಸಂದಿನಿಂದ ಹಬೆ ಹೊರಟಿತು.

"ಶಿವಪ್ಪಾ, ನಿಲ್ಲಸೋ. ಇಂಜಿನ್ ಸುಡ್ತದ."

"ನಿಮಗ ಹ್ಯಾಂಗ ಗೊತ್ರೀ?"

"ಮೀಟರ್‌ನಾಗ ಕಾಣ್ತದಲ್ಲೋ!"

"ಆವತ್ತು ಮೀಟರ್ ಇರಲಿಲ್ರಿ. ಹಬಿ ಬಂದಿತ್ತೇನ್ರಿ? ವಾಸನಿ ಬಂದಿತ್ತೇನ್ರಿ?"

ಗಾಡಿ ಏರುತ್ತಲೇ ಇತ್ತು. ಎಣ್ಣೆಯ ಮುಳ್ಳು ನಡುಗಿ ಕೆಳಗಿಳಿಯತೊಡಗಿತು. ಸುಟ್ಟರೆ ಸುಡುವುದು ನಮ್ಮ ಅನ್ನ. ಅದು ನನಗೂ ಗೊತ್ತಿತ್ತು. ಆದರೆ ಅಪ್ಪ ನಿಲ್ಲಿಸದಿರಲಿ ಎಂದೇ ನಾನು ಹಲ್ಲು ಕಚ್ಚಿ ಕೂತಿದ್ದೆ.

"ಬಂದಿತ್ತು ಶಿವಪ್ಪಣ್ಣಾ!" ಮಲ್ಲೇಶಿ ಬಾಗಿಲು ಹಿಡಿದುಕೊಂಡು ಅರಚಿದ. "ಹಬಿ ಬಂತು, ಕಮಟು ವಾಸನಿ ಬಂತು. ಗೆಳ್ಯಾರು ನಗ್ತಾರಂತ ನಾ ನಿಲ್ಲಸಲಿಲ್ಲ. ನೀ ಎಣ್ಣಿ ತಗದಿಲ್ಲ. ನಿಲ್ಲಸೋ ಯಣ್ಣಾ!"

ಅಪ್ಪ ನಿಲ್ಲಿಸಿದ. ಬಾನೆಟ್ಟು ಎತ್ತಿ, ಆರುವ ತನಕ ಅದರ ಮುಂದೆಯೇ ನಿಂತ. ನೀರು ತುಂಬಿ ಬಂದು ಮಲ್ಲೇಶಿಗೆ ಹೇಳಿದ: "ಈಗ ಅಂದದ್ದನ್ನ ಅಂಗಡಿ ಮುಂದ ಅನ್ಬೇಕ್ರಿ. ಮರಾಠಿಯೊಳಗ. ಹಮಾಲರಿಗೆ ತಿಳೀಬೇಕು. ಆಗಂಗಿಲ್ಲಂದ್ರ ಬುಟ್ಟಿ ಇಲ್ಲೇ ಇಳಸ್ತೀನಿ."

ಮಲ್ಲೇಶಿ ಅಂದ. ಅಂಗಡಿಯ ಮುಂದೆ ಗಾಡಿಯ ಹಲಗೆಯ ಮೇಲೆ ಮಾವಿನ ಬುಟ್ಟಿಗಳ ನಡುವೆ ನಿಂತು ಮರಾಠಿಯಲ್ಲಿ ಅಂದ. ಮೊದಲ ಸಲ ದನಿ ಏಳಲಿಲ್ಲ. ಅಪ್ಪ ಇನ್ನೊಮ್ಮೆ ಹೇಳಿಸಿದ. ಹಮಾಲರು ಬುಟ್ಟಿ ಇಳಿಸುವುದನ್ನು ಬಿಟ್ಟು ಕೇಳಿದರು. ಸಾವ್ಕಾರ ಗಾದಿಯ ಮೇಲೆ ತಲೆ ತಗ್ಗಿಸಿ ಕೂತಿದ್ದ.

ಮನೆಯಲ್ಲಿ ಅವ್ವ ಎಲ್ಲವನ್ನೂ ನನ್ನಿಂದ ಮತ್ತೆ ಮತ್ತೆ ಹೇಳಿಸಿದಳು. ಸಂಜೆ ಸಾವ್ಕಾರನ ಆಳು ಒಂದು ಬುಟ್ಟಿ ಮಾವು ತಂದಿಟ್ಟು ಹೋದ. ವರ್ಷಕ್ಕೊಮ್ಮೆ ಮಾವಿನ ಶೀಕರಣಿ ಕಾಣುವ ಮನೆ ನಮ್ಮದು. ಬುಟ್ಟಿಯ ಹುಲ್ಲು ಸರಿಸಿದಾಗ ಬಾಯಲ್ಲಿ ನೀರೂರಿತು. ಅವ್ವ ನನ್ನನ್ನು ನೋಡಿ ಕೇಳಿದಳು: "ತಿಂತೀಯೇನ?"

"ಇಲ್ಲ."

ಇಬ್ಬರೂ ಬುಟ್ಟಿ ಹೊತ್ತು ಹಿಂದಿನ ಓಣಿಯ ಗೌಳಿಯ ಎಮ್ಮೆಗಳ ಹತ್ತಿರ ಹೋದೆವು. ಒಂದೊಂದೇ ಹಣ್ಣನ್ನು ನಾನೇ ತಿನ್ನಿಸಿದೆ. ಮೊಣಕೈವರೆಗೆ ರಸ ಇಳಿಯಿತು. ನೆಕ್ಕದೆ ಬಾವಿಯ ನೀರಿನಲ್ಲಿ ತೊಳೆದುಕೊಂಡೆ. ಅಷ್ಟು ರುಚಿಯ ಹಣ್ಣನ್ನು ಆಮೇಲೆ ನಾನು ತಿಂದಿಲ್ಲ, ಅಂದೂ ತಿಂದಿರಲಿಲ್ಲ.

ಬಹಳ ವರ್ಷಗಳ ಮೇಲೆ, ಪುಣೆಯ ಕೋಥರೂಡದ ಒಂದು ಮದುವೆಯಲ್ಲಿ ಮಲ್ಲೇಶಿ ಸಿಕ್ಕಿದ. ಮೊಮ್ಮಗನ ತೋಳು ಹಿಡಿದು ನಡೆಯುತ್ತಿದ್ದ. ನಾನು ಯಾರ ಮಗಳೆಂದು ಹೇಳಿದೆ.

"ಶಿವಪ್ಪನ ಮಗಳೇನವಾ? ಭಾಳ ಛಲೋ ಡ್ರೈವರ್ ಇದ್ದ. ನಮ್ಮಪ್ಪ ಪ್ರೀತಿಯಿಂದ ಒಂದು ಗಾಡೀನ ಕೊಟ್ಟುಬಿಟ್ಟಿದ್ರು ಅವಗ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಹಾಗೆಂದೇ ನಂಬಿಕೊಂಡಿದ್ದ. ನಾನು ಕುರ್ಚಿ ಎಳೆದು ಕೂತು ಮೊದಲಿನಿಂದ ಎಲ್ಲ ಹೇಳಿದೆ. ಅವನು ಕಿವಿ ಮುಂದೆ ಮಾಡಿ ಕೇಳಿ, ಸಾವಕಾಶ ತಲೆ ಅಲ್ಲಾಡಿಸಿದ. "ಇರಬಹುದವಾ," ಅಂದ.

ಅಂದು ಅಂಗಡಿಯ ಮುಂದೆ ನಿಂತು ಕೇಳಿದ ಹಮಾಲರಲ್ಲಿ, ತರಕಾರಿಯ ಹೆಂಗಸರಲ್ಲಿ ಒಬ್ಬರಾದರೂ ಅಲ್ಲಿದ್ದಿದ್ದರೆ ಎಂದು ಸುತ್ತ ನೋಡಿದೆ. ಅಪ್ಪನಿಲ್ಲ, ಅವ್ವನಿಲ್ಲ, ಆ ಅಂಗಡಿಯ ಜಾಗದಲ್ಲಿ ಸೀರೆ ಮಾರುತ್ತಾರೆ. ತನ್ನ ಇಂಜಿನ್ನನ್ನೇ ಸುಡಲು ಬಿಟ್ಟು ಅಪ್ಪ ಹೇಳಿಸಿದ ಮಾತು, ಕೇಳಿದವರೆಲ್ಲ ಹೋದ ಮೇಲೆ 'ಇರಬಹುದು' ಎಂಬಷ್ಟಕ್ಕೆ ಬಂದು ನಿಂತಿತ್ತು.

ಊಟಕ್ಕೆ ಕರೆದರು. ನಾನು ಚಪ್ಪಲಿ ಮೆಟ್ಟಿಕೊಂಡು ಉಪವಾಸವೇ ಮನೆಗೆ ಬಂದೆ.