ಮೊರದಲ್ಲಿ ಮಾರಿದ ಮಗಳು

ನೀಲಗುಂದದ ಕುರಿಗಾರರಲ್ಲಿ ಮೈಲಮ್ಮನಿಗೆ ಒಂದು ಹೆಸರಿತ್ತು. ತಾಯಿ ಸತ್ತ ಮರಿಯನ್ನು ಬೇರೆ ಕುರಿ ಸುಲಭವಾಗಿ ಹತ್ತಿರ ಸೇರಿಸುವುದಿಲ್ಲ. ಮೂಸಿ ನೋಡಿ ತಲೆಯಿಂದ ಗುಮ್ಮುತ್ತದೆ. ಮೈಲಮ್ಮ ಆ ಕುರಿಯ ಹಾಲನ್ನೇ ಹಿಂಡಿ ಮರಿಯ ಬೆನ್ನಿಗೂ ಬಾಲದ ಬುಡಕ್ಕೂ ಸವರಿ, ಎರಡನ್ನೂ ಇಕ್ಕಟ್ಟಾದ ಜಾಗದಲ್ಲಿ ಕೂಡಿ, ತಾನೂ ಪಕ್ಕದಲ್ಲಿ ಕೂತಿರುತ್ತಿದ್ದಳು. ಕುರಿ ಮರಿಯನ್ನು ನೆಕ್ಕಲು ಶುರುಮಾಡಿದ ಮೇಲೆಯೇ ಅವಳು ಏಳುವುದು. ಅಕ್ಕಪಕ್ಕದವರೂ ಮರಿ ಹೊತ್ತು ಅವಳಲ್ಲಿಗೆ ಬರುತ್ತಿದ್ದರು. ಎಲ್ಲ ಮರಿಗಳೂ ಉಳಿಯುತ್ತಿರಲಿಲ್ಲ, ಉಳಿದವೇ ಹೆಚ್ಚು.

ಅವಳೂ ಒಂದು ರೀತಿಯಲ್ಲಿ ಕೈ ಬದಲಾದ ಕೂಸೇ. ಹುಟ್ಟಿದ್ದು ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ, 1972ರಲ್ಲಿ. ತಂದೆ ಜಂಬಯ್ಯ ಕುರಿ ಸಾಕುತ್ತಿದ್ದ. ತಾಯಿ ಹಂಪಕ್ಕನಿಗೆ ಅದಕ್ಕೂ ಮೊದಲು ಎರಡು ಕೂಸುಗಳಾಗಿ, ಎರಡೂ ತೊಟ್ಟಿಲಲ್ಲೇ ತೀರಿಕೊಂಡಿದ್ದವು. ಹಾಗಾದ ಮನೆಯಲ್ಲಿ ಮತ್ತೆ ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ಬೇರೆ ಹೆಂಗಸಿಗೆ ಮಾರುವುದು ಅವರ ಪದ್ಧತಿ. ಮಕ್ಕಳನ್ನು ಒಯ್ಯುವ ದೇವತೆ ಹುಡುಕಿಕೊಂಡು ಬಂದರೂ ಅಲ್ಲಿ ಆ ತಾಯಿಯ ಕೂಸು ಸಿಗಬಾರದು ಎಂಬುದು ಅದರ ಅರ್ಥ. ಕೊಂಡವಳು ಅದೇ ಓಣಿಯ ಮರುಳಸಿದ್ದಮ್ಮ. ಬಳೆಯ ಮಲಾರ ಹೊತ್ತು ಊರೂರು ತಿರುಗುತ್ತಿದ್ದ, ಮಕ್ಕಳಿಲ್ಲದ, ಬಾಯಿ ಜೋರಿನ ಹೆಂಗಸು. ಒಂದು ಸೇರು ಜೋಳ ಸುರಿದು ಕೂಸನ್ನು ಎತ್ತಿಕೊಂಡಳು. ಹಾಲು ಕುಡಿಸಲೆಂದು ಹಂಪಕ್ಕನ ಮನೆಯಲ್ಲೇ ಬಿಟ್ಟು ಹೋದಳು.

ಕೂಸು ಬೆಳೆದದ್ದು ಹಂಪಕ್ಕನ ಮಡಿಲಲ್ಲಿ. ಮಾತಿನಲ್ಲಿ ಮಾತ್ರ ಮರುಳಸಿದ್ದಮ್ಮನ ಮಗಳು. ಮೈಲಮ್ಮ ಹೆತ್ತ ತಾಯಿಯನ್ನು ‘ಹಂಪಕ್ಕ’ ಎಂದೂ, ಕೊಂಡ ತಾಯಿಯನ್ನು ‘ಅವ್ವ’ ಎಂದೂ ಕರೆದಳು. ಪ್ರತಿ ಯುಗಾದಿಗೆ ಮರುಳಸಿದ್ದಮ್ಮ ಬಂದು ಎರಡೂ ಕೈ ತುಂಬ ಹಸಿರು ಬಳೆ ತೊಡಿಸುತ್ತಿದ್ದಳು. ನಂತರ ಹಂಪಕ್ಕನಿಗೆ ಇಬ್ಬರು ಗಂಡುಮಕ್ಕಳಾದರು, ಹೊನ್ನೂರಸ್ವಾಮಿ ಮತ್ತು ಹುಲುಗೇಶ. ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ ಹಂಪಕ್ಕ ‘ಇಬ್ಬರು’ ಎನ್ನುತ್ತಿದ್ದಳು. ಅದು ಅವಳಿಗೆ ಸುಳ್ಳು ಅನ್ನಿಸುತ್ತಲೇ ಇರಲಿಲ್ಲ.

1998ರಲ್ಲಿ ಹುಲುಗೇಶ ಕೊಟ್ಟೂರಿನ ಕಾಲೇಜಿನಲ್ಲಿ ಓದುತ್ತಿದ್ದ. ಎರಡು ತುತ್ತು ಉಂಡರೆ ಹೊಟ್ಟೆ ತುಂಬಿದಂತಾಗುತ್ತದೆ, ಎಡಪಕ್ಕೆಯಲ್ಲಿ ಭಾರ ಎಂದು ಅಲ್ಲಿನ ಡಾಕ್ಟರ ಬಳಿ ಹೋದ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದಾಗ ಎಡಪಕ್ಕೆಯಡಿಯ ಗುಲ್ಮ (ಸ್ಪ್ಲೀನ್) ಹೊಕ್ಕುಳಿನವರೆಗೂ ಬೆಳೆದಿತ್ತು. ರಕ್ತದಲ್ಲಿ ಬಿಳಿಯ ಕಣಗಳು ಇರಬೇಕಾದದ್ದಕ್ಕಿಂತ ಇಪ್ಪತ್ತು ಪಟ್ಟು ಹೆಚ್ಚಾಗಿದ್ದವು. ಅದು ನಿಧಾನ ಬಗೆಯ ರಕ್ತದ ಕ್ಯಾನ್ಸರ್. ಮಾತ್ರೆಗಳಿಂದ ಕೆಲವು ವರ್ಷ ಹಿಡಿದಿಡಬಹುದು. ಆಮೇಲೆ ಒಂದು ದಿನ ಕೈಮೀರುತ್ತದೆ. ಆ ಕಾಲಕ್ಕೆ ಅದನ್ನು ಬೇರುಸಹಿತ ಕೀಳಲು ಗೊತ್ತಿದ್ದ ದಾರಿ ಒಂದೇ. ರೋಗಿಯ ಮೂಳೆಯೊಳಗೆ ರಕ್ತವನ್ನು ಹುಟ್ಟಿಸುವ ಮೂಲಕಣಗಳನ್ನೆಲ್ಲ ಔಷಧಿಯಿಂದ ನಾಶಮಾಡಿ, ಇನ್ನೊಬ್ಬರ ಮೂಲಕಣಗಳನ್ನು ಆ ಜಾಗದಲ್ಲಿ ನೆಲೆಗೊಳಿಸುವುದು.

ತಮಿಳುನಾಡಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಈ ಕೆಲಸ ನಡೆಯುತ್ತಿತ್ತು. ಅಲ್ಲಿನ ಡಾ. ಶಾಂತಕುಮಾರಿ ಬಳ್ಳಾರಿ ಕಡೆಯವರೇ. ಮೂಲಕಣಗಳನ್ನು ಸೊಂಟದ ಮೂಳೆ ಚುಚ್ಚಿ ತೆಗೆಯುವ ಬದಲು, ಕೊಡುವವರಿಗೆ ಚುಚ್ಚುಮದ್ದು ಕೊಟ್ಟು, ಆ ಕಣಗಳು ರಕ್ತಕ್ಕೆ ಇಳಿದು ಬಂದಾಗ ತೋಳಿನಿಂದಲೇ ಸಂಗ್ರಹಿಸಿದರೆ ಅವು ಬೇಗ ನೆಲೆಯೂರುತ್ತವೆಯೇ ಎಂಬುದು ಅವರ ಸಂಶೋಧನೆ. ಕಣಗಳು ಹೊಂದಬೇಕಾದರೆ ಒಂದೇ ತಂದೆ-ತಾಯಿಯ ಮಕ್ಕಳಾಗಿರಬೇಕು, ಅದರಲ್ಲೂ ನಾಲ್ವರಲ್ಲಿ ಒಬ್ಬರದು ಹೊಂದೀತು ಎಂದು ಅವರು ತಿಳಿಸಿದರು. ಆಮೇಲೆ ಹಂಪಕ್ಕನನ್ನು ಮಕ್ಕಳೆಷ್ಟು ಎಂದು ಕೇಳಿದರು.

ಹಂಪಕ್ಕ ಇಬ್ಬರು ಎಂದಳು. ಹೊನ್ನೂರಸ್ವಾಮಿ ಬಾಯಿ ತೆರೆದ; ತಾಯಿ ಅವನ ಮುಂಗೈ ಬಿಗಿಯಾಗಿ ಹಿಡಿದಳು.

ಹೊನ್ನೂರಸ್ವಾಮಿಯ ರಕ್ತ ಹೊಂದಲಿಲ್ಲ. ಮಾತ್ರೆಗಳನ್ನು ಹಿಡಿದುಕೊಂಡು ಅವರು ಊರಿಗೆ ಮರಳಿದರು.

ತಮ್ಮನನ್ನು ನೋಡಲು ಗಂಡನ ಊರು ನೀಲಗುಂದದಿಂದ ಬಂದ ಮೈಲಮ್ಮ ಹೊನ್ನೂರಸ್ವಾಮಿಯನ್ನು ಹೊರಗೆ ಕರೆದು ಎಲ್ಲವನ್ನೂ ವಿಚಾರಿಸಿದಳು. ಎರಡು ಸಲ ಕೇಳಿ ಖಚಿತಮಾಡಿಕೊಂಡಳು. ಆಮೇಲೆ ಒಳಗೆ ಬಂದು ಒಲೆಯ ಮುಂದೆ ಕೂತಳು.

“ಒಂದ ಹೊಟ್ಟಿಯವರದು ಹೊಂದತೈತಿ ಅಂದ್ರ, ನನ್ನ ರಕ್ತ ಯಾಕ ನೋಡ್ಲಿಲ್ಲ?”

ಹಂಪಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ನೀ ಮರುಳಸಿದ್ದಮ್ಮನ ಮಗಳು.”

“ಅದು ಊರಿಗೆ ಹೇಳೂ ಮಾತು, ಹಂಪಕ್ಕ.”

“ಊರಿಗಲ್ಲ. ಕೇಳಾಕಿ ಬ್ಯಾರೆ ಅದಾಳ.” ಹಂಪಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಎರಡು ಒಯ್ದಾಳ. ಈಗ ಇವನ ಮ್ಯಾಲ ಕೈ ಇಟ್ಟಾಳ. ನಿನ್ನೂ ಆಕಿ ಕಣ್ಣಿಗೆ ಹಾಕಲೇನು? ನಿನಗ ಎರಡು ಮಕ್ಕಳದಾವು.”

ಒಬ್ಬನನ್ನು ಉಳಿಸಲು ಇನ್ನೊಬ್ಬಳನ್ನು ಪಣಕ್ಕಿಡಬೇಕೆಂದು ಆ ತಾಯಿ ನಂಬಿದ್ದಳು. ಆ ನಂಬಿಕೆಯ ಜೊತೆ ವಾದ ಮಾಡಿ ಗೆಲ್ಲುವಂತಿರಲಿಲ್ಲ. ಮೈಲಮ್ಮ ಎದ್ದು ಮರುಳಸಿದ್ದಮ್ಮನ ಮನೆಗೆ ಹೋದಳು.

ಮರುಳಸಿದ್ದಮ್ಮ ಕಟ್ಟೆಯ ಮೇಲೆ ಕೂತು ಬಳೆ ಪೋಣಿಸುತ್ತಿದ್ದಳು. ಎಲ್ಲವನ್ನೂ ಕೇಳಿ, “ಇದಕ್ಕ ಮಾರಿ ಸಣ್ಣದು ಮಾಡ್ಕೊಂಡು ಬಂದಿಯೇನು?” ಎಂದಳು. “ನನ್ನ ಮಗಳ ರಕ್ತ ನಾ ಯಾರಿಗರ ಕೊಡಸ್ತೀನಿ. ಅದಕ್ಕ ಹಂಪಕ್ಕನ್ನ ಕೇಳಾಕ ಆ ದೇವತಿ ಯಾರು? ನಡಿ, ಗಂಟು ಕಟ್ಟು.”

ಪದ್ಧತಿಯೊಳಗಿನಿಂದಲೇ ಸಿಕ್ಕ ಈ ದಾರಿಗೆ ಹಂಪಕ್ಕನೂ ಬೇಡವೆನ್ನಲಿಲ್ಲ. ಅವಳು ಬಾಯಿ ತೆರೆಯಬೇಕಾಗಿರಲಿಲ್ಲವಲ್ಲ. ಹುಲುಗೇಶನನ್ನು ಕರೆದುಕೊಂಡು ಮೂವರು ಹೆಂಗಸರೂ ಹೊರಟರು.

ಡಾಕ್ಟರ ಎದುರು ಮರುಳಸಿದ್ದಮ್ಮನೇ ಮುಂದೆ ಕೂತಳು. ತಾನು ಇವಳ ತಾಯಿ, ಇವಳ ರಕ್ತ ನೋಡಿರಿ ಎಂದಳು. ಹುಡುಗನಿಗೆ ತಾವೇನಾಗಬೇಕು ಎಂದು ಡಾಕ್ಟರು ಕೇಳಿದಾಗ, “ಏನೂ ಆಗಬೇಕಾಗಿಲ್ರೀ, ಒಂದ ಓಣಿಯವರು,” ಎಂದು ಧೈರ್ಯವಾಗಿ ಹೇಳಿದಳು.

ಡಾ. ಶಾಂತಕುಮಾರಿ ತಾಳ್ಮೆಯಿಂದ ವಿವರಿಸಿದರು. ಸಂಬಂಧವಿಲ್ಲದವರ ಕಣ ಹೊಂದುವುದು ಹತ್ತಾರು ಸಾವಿರದಲ್ಲಿ ಒಬ್ಬರದು. ಈ ಪರೀಕ್ಷೆಗೆ ಬೇಕಾದ ಸಾಮಗ್ರಿ ಹೊರದೇಶದಿಂದ ಬರುತ್ತದೆ, ಅದಕ್ಕಾಗಿ ಬೇರೆ ರೋಗಿಗಳ ಅಣ್ಣತಮ್ಮಂದಿರು ಕಾಯುತ್ತಿದ್ದಾರೆ. ಪ್ರೀತಿಯಿಂದ ಬಂದವರಿಗೆಲ್ಲ ಅದನ್ನು ಮಾಡಲಾಗುವುದಿಲ್ಲ.

ಮಗಳು ತನ್ನವಳೆಂದು ಹೇಳುವ ಹಕ್ಕನ್ನು ಮರುಳಸಿದ್ದಮ್ಮ ಒಂದು ಸೇರು ಜೋಳಕ್ಕೆ ಕೊಂಡಿದ್ದಳು. ಆದರೆ ಹೆತ್ತವಳು ಯಾರೆಂದು ಹೇಳುವ ಹಕ್ಕು ಆ ಜೋಳದಲ್ಲಿ ಬಂದಿರಲಿಲ್ಲ. ಅವಳು ತಿರುಗಿ ಹಂಪಕ್ಕನನ್ನು ನೋಡಿದಳು. ಮೈಲಮ್ಮ ನೋಡಲಿಲ್ಲ, ತಲೆ ತಗ್ಗಿಸಿ ಕೂತಿದ್ದಳು.

ಹಂಪಕ್ಕ ಗೋಡೆಯ ಪಕ್ಕದ ಬೆಂಚಿನಲ್ಲಿ ಹುಲುಗೇಶನ ಜೊತೆ ಇದ್ದಳು. ಎದ್ದು ಬಂದಳು. ತನ್ನ ಸೆರಗಿನ ತುದಿಯನ್ನು ಮೈಲಮ್ಮನ ತಲೆಯ ಮೇಲೆ ಹೊದಿಸಿ, ಬಿಸಿಲಿನಿಂದ ಕೂಸನ್ನು ಮರೆಮಾಡುವವರ ಹಾಗೆ ಹಿಡಿದುಕೊಂಡಳು.

“ಸತ್ತವು ಎರಡು ರೀ,” ಎಂದಳು. “ಬದುಕಿದವು ಮೂರು. ಇಕಿ ಹಿರೇಕಿ.”

ಡಾಕ್ಟರು ಏಕೆ ಮೊದಲೇ ಹೇಳಲಿಲ್ಲವೆಂದು ಕೇಳಲಿಲ್ಲ. ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ಹೆತ್ತವರು ತಿಪ್ಪಯ್ಯನೆಂದು ಹೆಸರಿಟ್ಟಿದ್ದ ಸೋದರಮಾವ ಒಬ್ಬರು ಅವರ ಮನೆಯಲ್ಲೂ ಇದ್ದರು. ಅವರು ನರ್ಸನ್ನು ಕರೆದು ಮೈಲಮ್ಮನ ರಕ್ತ ತೆಗೆಯಲು ಹೇಳಿದರು.

ಫಲಿತಾಂಶ ಬರುವವರೆಗೆ ಹಂಪಕ್ಕ ಮೈಲಮ್ಮನನ್ನು ಕಣ್ಣಳತೆಯಿಂದ ದೂರ ಬಿಡಲಿಲ್ಲ. ಅವಳು ಸೀನಿದರೂ ಹಂಪಕ್ಕ ಬೆಚ್ಚುತ್ತಿದ್ದಳು. ಹೊಂದಾಣಿಕೆಗೆ ನೋಡುವ ಗುರುತುಗಳು ಆರು. ಮೈಲಮ್ಮನ ಆರೂ ಗುರುತುಗಳು ತಮ್ಮನ ಆರಕ್ಕೆ ಕೂಡಿದವು. ಮೈಲಮ್ಮನ ಕುರಿ ಹಿಂಡಿನ ಅರ್ಧ ಮಾರಾಟವಾಯಿತು; ಮಿಕ್ಕ ವೆಚ್ಚದ ದೊಡ್ಡ ಪಾಲನ್ನು ಸಂಶೋಧನೆಯ ಅನುದಾನ ಭರಿಸಿತು.

ಚುಚ್ಚುಮದ್ದು ಶುರುವಾದ ಮೇಲೆ ಮೈಲಮ್ಮನ ಸೊಂಟ, ಬೆನ್ನು ಒಳಗಿಂದ ನೋಯತೊಡಗಿದವು. ಮೂಳೆಯೊಳಗೆ ಕಣಗಳು ಹೆಚ್ಚುತ್ತಿರುವ ಲಕ್ಷಣ ಅದು, ಹಾನಿಯಿಲ್ಲ ಎಂದು ಡಾಕ್ಟರು ತಿಳಿಸಿದರು. ಹಂಪಕ್ಕನಿಗೆ ಗೊತ್ತಾದರೆ ಬೇರೆ ಅರ್ಥ ಮಾಡಿಕೊಂಡಾಳೆಂದು ಮೈಲಮ್ಮ ಅವಳ ಮುಂದೆ ನೆಟ್ಟಗೆ ನಡೆದಳು. ಕಣ ಸಂಗ್ರಹಿಸುವ ದಿನ ನರ್ಸು ಕೈಬಳೆ ತೆಗೆಯಬೇಕೆಂದಾಗ ಮರುಳಸಿದ್ದಮ್ಮ ಯಾರಿಗೂ ಮುಟ್ಟಲು ಬಿಡಲಿಲ್ಲ. ಎಣ್ಣೆ ಸವರಿ, ಒಂದೂ ಒಡೆಯದಂತೆ ಜಾರಿಸಿ ತನ್ನ ಮಡಿಲಲ್ಲಿ ಕಟ್ಟಿಕೊಂಡಳು. ಒಂದು ತೋಳಿನಿಂದ ಹೊರಟ ರಕ್ತ ಯಂತ್ರದೊಳಗೆ ಸುತ್ತಿ, ಬೇಕಾದ ಕಣಗಳನ್ನು ಅಲ್ಲೇ ಬಿಟ್ಟು, ಇನ್ನೊಂದು ತೋಳಿಗೆ ಮರಳುತ್ತಿತ್ತು. ಕೊನೆಗೆ ಉಳಿದದ್ದು ಕೆಂಪಗಿನ ಒಂದು ಸಣ್ಣ ಚೀಲ.

ಹುಲುಗೇಶ ಗಾಜಿನ ಕೋಣೆಯಲ್ಲಿದ್ದ. ಅವನ ಸ್ವಂತ ಕಣಗಳನ್ನು ಔಷಧಿ ಆಗಲೇ ಅಳಿಸಿತ್ತು. ಚೀಲದಲ್ಲಿದ್ದುದನ್ನು ಸಾಧಾರಣ ರಕ್ತದ ಹಾಗೆ ಅವನ ನರಕ್ಕೆ ಇಳಿಸಿದರು. ಕಣಗಳು ತಾವಾಗಿಯೇ ಮೂಳೆಯ ದಾರಿ ಹಿಡಿಯುತ್ತವೆ. ಅಲ್ಲಿಂದ ಮುಂದೆ ಯಾರೂ ಮಾಡುವುದೇನಿಲ್ಲ, ಕಾಯಬೇಕು. ಅವನ ಬಾಯೆಲ್ಲ ಹುಣ್ಣಾಯಿತು, ಜ್ವರ ಏರಿತು, ಬಿಳಿಯ ಕಣಗಳ ಎಣಿಕೆ ಸೊನ್ನೆಯ ಹತ್ತಿರ ನಿಂತಿತು. ಮೈಲಮ್ಮ ಗಾಜಿನ ಈಚೆ ಸ್ಟೂಲಿನ ಮೇಲೆ ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ. ಇದು ತನಗೆ ಗೊತ್ತಿದ್ದ ಕೆಲಸವೇ ಎಂಬಂತೆ ಕೂತಿದ್ದಳು.

ಎರಡನೆಯ ವಾರ ಮುಗಿಯುವ ಮುನ್ನ ಎಣಿಕೆ ಅಲುಗಿತು. ಮರುದಿನ ಹೆಚ್ಚಿತು, ಅದರ ಮರುದಿನ ಇಮ್ಮಡಿಯಾಯಿತು. ಡಾ. ಶಾಂತಕುಮಾರಿ ಹೊರಗೆ ಬಂದು, ಕಣ ನೆಲೆಯೂರಿದೆ ಎಂದರು.

“ನೆಕ್ಕಾಕತ್ತೈತಿ ಅನ್ರಿ,” ಎಂದಳು ಮೈಲಮ್ಮ. ಡಾಕ್ಟರಿಗೆ ಅರ್ಥವಾಗಲಿಲ್ಲ. ಕುರಿಗಾರನ ಮಗ ಹುಲುಗೇಶ ಗಾಜಿನಾಚೆಯಿಂದ ಅವಳ ತುಟಿ ಓದಿ, ಹುಣ್ಣಿನ ಬಾಯಲ್ಲೇ ನಕ್ಕ.

ಆಮೇಲೆ ಅಂಗೈಯಲ್ಲಿ ಕೆಂಪು ಗುಳ್ಳೆಗಳೆದ್ದವು. ಅಕ್ಕನ ಕಣಗಳು ತಮ್ಮನ ಮೈಯನ್ನು ಹೊಸದೆಂದು ಗುಮ್ಮಿ ನೋಡುತ್ತಿದ್ದವು. ಔಷಧಿಗೆ ಅದೂ ಇಳಿಯಿತು. ಕೆಲವು ತಿಂಗಳ ಬಳಿಕದ ಪರೀಕ್ಷೆಯಲ್ಲಿ ಡಾಕ್ಟರು ಇಬ್ಬರ ರಕ್ತವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಬಿ ಗುಂಪಿನವನಾಗಿ ಹುಟ್ಟಿದ್ದ ಹುಲುಗೇಶನ ರಕ್ತ ಈಗ ಅಕ್ಕನ ಓ ಗುಂಪಿನದಾಗಿತ್ತು. ಅದರಲ್ಲಿ ಕ್ಯಾನ್ಸರಿನ ಕಣ ಒಂದೂ ಸಿಗಲಿಲ್ಲ. ಇದ್ದ ಕಣಗಳೆಲ್ಲ ಹೆಣ್ಣಿನ ಕಣಗಳು.

ಊರಿಗೆ ಬಂದ ಮೇಲೂ ಹಂಪಕ್ಕನ ಅಂಜಿಕೆ ಹೋಗಲಿಲ್ಲ. ಮಗ ಉಳಿದ, ಆದರೆ ತಾನು ಬಾಯಿಬಿಟ್ಟು ಹೇಳಿದ ಮಾತು ಮಗಳ ಬೆನ್ನುಹತ್ತೀತು ಎಂದು ಮರುಳಸಿದ್ದಮ್ಮನ ಮುಂದೆ ಅತ್ತಳು. ಮರುಳಸಿದ್ದಮ್ಮ ಹುಲುಗೇಶನನ್ನು ಕರೆದು, ರಕ್ತದ ವಿಷಯ ಇನ್ನೊಮ್ಮೆ ಹೇಳು ಎಂದಳು. ಅವನು ಹೇಳಿದ. ಅವಳು ಎದ್ದು ಮನೆಗೆ ಹೋಗಿ ಒಂದು ಸೇರು ಜೋಳ ತಂದಳು.

“ಮೊರ ತಾ ಹಂಪಕ್ಕ. ಇವನ ಮೈಯಾಗಿನ ರಕ್ತ ನನ್ನ ಮಗಳದು. ಅಂದ ಮ್ಯಾಲ ಇವನೂ ನನ್ನವನ. ಇಬ್ಬರನ್ನೂ ನಾ ಕೊಂಡೀನಿ. ಯಾವಾಕಿ ಕೇಳಾಕ ಬರತಾಳೋ ಬರ್ಲಿ, ನನ್ನ ಮನಿಗೆ ಬರ್ಲಿ.”

ಹುಲುಗೇಶ ಮೊರದ ಮುಂದೆ ನಿಂತು ತಲೆ ಕೆರೆದುಕೊಂಡ.

“ಮೊರದಾಗ ಹಿಡಿಯಂಗಿಲ್ಲ ನೀ. ಒಂದು ಕಾಲರ ಇಡಲೇ,” ಎಂದಳು ಮರುಳಸಿದ್ದಮ್ಮ.

ಅವನು ಕಾಲಿಟ್ಟ. ಜೋಳ ಸುರಿಯಿತು. ಮೈಲಮ್ಮ ಕಂಬಕ್ಕೆ ಒರಗಿ ನಗುತ್ತಿದ್ದಳು, ಕೈತುಂಬ ಅದೇ ಹಸಿರು ಬಳೆಗಳು. ಹಂಪಕ್ಕ ಜೋಳವನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಅಂದು ಅವಳು ಎರಡು ಹೊತ್ತೂ ಹೊಟ್ಟೆ ತುಂಬ ಉಂಡಳು.

ಹುಲುಗೇಶ ಓದು ಮುಗಿಸಿ ಮೇಷ್ಟ್ರಾದ. ಮೈಲಮ್ಮನ ಹಿಂಡು ಮತ್ತೆ ಬೆಳೆಯಿತು. ಮರಿ ಹೊತ್ತು ಬರುವವರು ಬರುತ್ತಲೇ ಇದ್ದರು. 2004ರ ರಕ್ತಪರೀಕ್ಷೆಗೆ ಮಗನ ಜೊತೆ ಹೋದ ಹಂಪಕ್ಕನನ್ನು ಹೊಸದಾಗಿ ಬಂದಿದ್ದ ಡಾಕ್ಟರೊಬ್ಬರು ಮಕ್ಕಳೆಷ್ಟು ಎಂದು ಕೇಳಿದರು. ಡಾ. ಶಾಂತಕುಮಾರಿ ಪಕ್ಕದಲ್ಲೇ ಇದ್ದರು.

“ಇಲ್ಲಿ ಮೂರು ಮಂದಿ ರೀ,” ಎಂದಳು ಹಂಪಕ್ಕ. “ಊರಾಗ ಒಬ್ಬನ.”