ಸೆವ್ರಿನ್ ಬಾಯಿಯವರು ಮುಚ್ಚಿದ ಕಿಟಕಿ

ಒಂದು ತುಂಡು ಸಾನ್ನ, ನಮ್ಮ ಹಬ್ಬದ ಇಡ್ಲಿ, ಎದೆಯ ಹತ್ತಿರ ನಿಂತಿತು. ನೀರು ಕುಡಿದೆ. ನೀರೂ ನಿಂತಿತು.

ಮೂಡುಬಿದಿರೆಯ ಸುತ್ತಮುತ್ತ ಮದುವೆಗಳಿಗೆ, ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರಗಳಿಗೆ ಅಡುಗೆ ಮಾಡುತ್ತಿದ್ದವಳು ನಾನು. ನನ್ನ ಸಾನ್ನ ನನಗೇ ಇಳಿಯಲಿಲ್ಲವೆಂದು ಎಲ್ಲರೂ ನಕ್ಕರು. "ಮಾತಾಡ್ತಾ ತಿಂದರೆ ಹೀಗೇ ಮಾರಾಯ್ತಿ" ಎಂದರು ಗಂಡ ಲ್ಯಾನ್ಸಿ. ನಾನೂ ನಕ್ಕೆ. ಕೆಲವು ವಾರಗಳಲ್ಲಿ ಗಂಜಿಯೂ ಇಳಿಯದಾಯಿತು. ಮಂಗಳೂರಿನಲ್ಲಿ ಎಂಡೋಸ್ಕೋಪಿ ಮಾಡಿದರು. ಆಮೇಲೆ ಬಯಾಪ್ಸಿ.

ಅನ್ನನಾಳದ ಕ್ಯಾನ್ಸರ್.

ರೇಡಿಯೇಶನ್, ಕೀಮೋ ಎಲ್ಲ ಆಯಿತು. ಕೂದಲು ಹೋಯಿತು, ಗಡ್ಡೆ ಹೋಗಲಿಲ್ಲ. ಕೊನೆಗೆ ಹೊಟ್ಟೆಗೆ ತೂತು ಮಾಡಿ ಟ್ಯೂಬ್ ಹಾಕಿದರು. "ಇನ್ನು ಗುಣ ಮಾಡುವ ಚಿಕಿತ್ಸೆ ಇಲ್ಲಮ್ಮ. ನೋವು ಕಡಿಮೆ ಮಾಡುವ" ಎಂದರು ಡಾಕ್ಟರ್. ಊರಿಗೆಲ್ಲ ಬಡಿಸಿದವಳಿಗೆ ಈ ಗತಿಯೇ ಎಂದು ದೇವರ ಮೇಲೆ ಸಿಟ್ಟು ಬಂತು. ಅದು ಇನ್ನೂ ಪೂರ್ತಿ ಹೋಗಿಲ್ಲ.

ನಮ್ಮ ಇಗರ್ಜಿಯ ವಾರ್ಡಿನವರು ಕೈಬಿಡಲಿಲ್ಲ. ಒಬ್ಬರು ಬಟ್ಟೆ ಒಗೆದರು, ಇನ್ನೊಬ್ಬರು ಟ್ಯೂಬ್ ತೊಳೆಯಲು ಕಲಿತರು. ಸಂಜೆಯ ಜಪಮಾಲೆಗೆ ನನ್ನ ಮಂಚದ ಸುತ್ತಲೇ ಕುಳಿತರು. ಆದರೆ ಜಪ ಮುಗಿದ ಮೇಲೆ ಯಾರೂ ನಮ್ಮಲ್ಲಿ ಚಹಾ ಕುಡಿಯುತ್ತಿರಲಿಲ್ಲ. ಪಕ್ಕದ ಮನೆಯ ಸೆವ್ರಿನ್ ಬಾಯಿ ಒಗ್ಗರಣೆ ಹಾಕುವಾಗ ಕಿಟಕಿ ಮುಚ್ಚುತ್ತಿದ್ದರು, ಮೀನು ಕಾಯಿಸುವುದನ್ನೇ ಬಿಟ್ಟಿದ್ದರು. ಲ್ಯಾನ್ಸಿ ಹಿತ್ತಿಲಲ್ಲಿ ನಿಂತು ಉಣ್ಣುತ್ತಿದ್ದರು. ತಿನ್ನಲಾಗದವಳ ಮುಂದೆ ತಿನ್ನಬಾರದೆಂಬ ಮರ್ಯಾದೆ ಅದು. ನನಗೋ, ಬದುಕಿರುವಾಗಲೇ ನನ್ನ ತಿಥಿ ನಡೆಯುತ್ತಿರುವಂತೆ ಅನಿಸುತ್ತಿತ್ತು.

ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ನಮ್ಮ ತೆನೆ ಹಬ್ಬವೂ ಆದ ಮೊಂತಿ ಫೆಸ್ತ್ ಬಂತು. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯ ಅಕ್ಕಿಯನ್ನು ಪುಡಿ ಮಾಡಿ, ತೆಂಗಿನ ಹಾಲಿಗೆ ಹಾಕಿ, ಮನೆಯವರೆಲ್ಲ ಸವಿದ ಮೇಲೆಯೇ ಅಂದು ಊಟ. ವಾರ್ಡಿನ ಮುಖ್ಯಸ್ಥರಾದ ಗುರ್ಕಾರರು ತೆನೆ ತಂದು ಬಾಗಿಲಲ್ಲೇ ತಡವರಿಸಿದರು.

"ಈ ಸಲ ದೇವರ ಅಲ್ತಾರಿನಲ್ಲಿ ಇಡುವ. ಹಬ್ಬದೂಟ ಬೇಡ" ಎಂದರು ಲ್ಯಾನ್ಸಿ.

"ನಾನಿನ್ನೂ ಇದ್ದೇನಲ್ಲ!" ಎಂದೆ. ಸ್ವರ ಒಡೆಯಿತು. "ಎಲ್ಲರನ್ನೂ ಕರೀರಿ. ನನ್ನೆದುರೇ ಉಣ್ಣಿ. ಆ ಕಿಟಕಿ ಮುಚ್ಚಿದ್ದು ಸಾಕು."

ಗುರ್ಕಾರರ ಹಿಂದೆಯೇ ಬಂದಿದ್ದ ಸೆವ್ರಿನ್ ಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಕಾಯಿ ತುರಿಯಲು ಹೋದರು.

ಲ್ಯಾನ್ಸಿ ಹೊಸ ಅಕ್ಕಿ ಬೆರೆಸಿದ ತೆಂಗಿನ ಹಾಲಿನಲ್ಲಿ ಬೆರಳದ್ದಿ ನನ್ನ ನಾಲಿಗೆಗೆ ಸವರಿದರು. ಸಿಹಿ. ಹೊಸ ಅಕ್ಕಿಯ ಹಸಿ ವಾಸನೆ. ನುಂಗುವಂತಿರಲಿಲ್ಲ. ಬಟ್ಟಲಿಗೆ ಉಗಿದೆ. ಆಶೀರ್ವಾದದ ಅಕ್ಕಿಯನ್ನು ಉಗಿಯಬೇಕಾಯಿತಲ್ಲ ಎಂದು ಅತ್ತುಬಿಟ್ಟೆ.

"ಅಳಬೇಡಿ ಹಿಲ್ಡಾ ಬಾಯಿ. ರುಚಿ ಒಳಗೆ ಹೋಯ್ತಲ್ಲ" ಎಂದರು ಸೆವ್ರಿನ್ ಬಾಯಿ.

ಆಮೇಲೆ ಎಲ್ಲರೂ ನನ್ನ ಮಂಚದ ಸುತ್ತ ಕುಳಿತು ಉಂಡರು. ಪಲ್ಯಕ್ಕೆ ಕಾಯಿ ಕಡಿಮೆಯಾಗಿದೆಯೆಂದು ನೋಡಿಯೇ ಹೇಳಿದೆ. ಬೈಸಿಕೊಂಡವರು ನಕ್ಕರು.

ಮುಂದಿನ ತೆನೆಗೆ ನಾನಿರುವುದಿಲ್ಲ. ಅದು ನನಗೂ ಗೊತ್ತು, ಲ್ಯಾನ್ಸಿಗೂ ಗೊತ್ತು. ಬರೆಯುವಾಗಲೂ ಭಯವಾಗುತ್ತದೆ.

ಮರುದಿನ ಪಕ್ಕದ ಮನೆಯಿಂದ ಬಂಗುಡೆ ಕಾಯಿಸುವ ಪರಿಮಳ ಬಂತು. ಕಿಟಕಿ ತೆರೆದಿತ್ತು. ಬಾಯಿ ತುಂಬ ನೀರೂರಿತು. ಅದನ್ನೂ ಉಗಿಯಬೇಕು. ಉಗಿದು, ದೇವರಿಗೆ ಥ್ಯಾಂಕ್ಸ್ ಹೇಳಿದೆ, ಸಿಟ್ಟಿನಲ್ಲಿಯೇ.