ಬಂದರಿನ ಮೀನು, ಕಮಠಾಣದ ಕುರಿ ಉಪ್ಪು

ಪೊಲೀಸ್ ಆ್ಯಕ್ಷನ್ ಆದ ವರ್ಷ, ಅಂದರೆ ೧೯೪೮ರ ಮಳೆಗಾಲ. ನಾನು ಕಮಠಾಣದಿಂದ ಬೀದರಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆ ವರ್ಷದ ಬಗ್ಗೆ ನಮ್ಮ ಕಡೆಯ ಹಿರಿಯರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಬಹಳ ಮಂದಿ ಏನೂ ಹೇಳುವುದೇ ಇಲ್ಲ. ನನ್ನನ್ನು ಕೇಳಿದರೆ ಮಾತ್ರ ನಾನು ಒಂದು ಮೀನಿನ ಕಥೆ ಹೇಳುತ್ತೇನೆ. ನಗುವವರು ನಗಲಿ.

ನಮ್ಮ ಮನೆಗೆ ಗೋಡೆ ಹಚ್ಚಿದ ಮನೆಯಲ್ಲಿ ಜುಬೇದಾ ಆಪಾ ಇದ್ದರು. ಹೆಣ್ಣುಮಕ್ಕಳ ಉರ್ದು ಶಾಲೆಯಲ್ಲಿ ಮಾಸ್ತರಣಿ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರ ತವರು ಸಮುದ್ರದ ದಂಡೆಯ ಮಚಲೀಪಟ್ಟಣ. ಆ ಊರನ್ನು ಅವರು ಬರೀ ‘ಬಂದರು’ ಎನ್ನುತ್ತಿದ್ದರು. ಅಲ್ಲಿಂದ ಅವರ ತಮ್ಮ ಒಂದು ಸಲ ಡಬ್ಬಿಯಲ್ಲಿ ತಂದುಕೊಟ್ಟಿದ್ದ ಮೀನು ಅದು. ಹೊಳೆಯ ಸಿಹಿನೀರು ಸಮುದ್ರಕ್ಕೆ ಸೇರುವ ಕಡೆ, ಕೆಸರಿನಲ್ಲಿ ಇರುವ ಜಾತಿಯಂತೆ. ಗೋಬಿ ಎಂಬ ಮೀನಿನ ಜಾತಿ ಎಂದು ಮೊನ್ನೆ ಮೊಮ್ಮಗಳು ಹೇಳಿದಳು. ನಮಗೆ ಆಗ ಜಾತಿ ಗೀತಿ ಗೊತ್ತಿರಲಿಲ್ಲ. ಆಪಾ ಅದನ್ನು ಮುನ್ನಾ ಎಂದು ಕರೆಯುತ್ತಿದ್ದರು, ನಾವೂ ಮುನ್ನಾ ಎಂದೆವು.

ಮೀನು ಎಂದರೆ ನೀರಿನೊಳಗೆ ಇರಬೇಕು ತಾನೇ? ಈ ಮಹಾಶಯ ನೀರಿನೊಳಗೆ ಇರುತ್ತಿದ್ದದ್ದೇ ಕಡಿಮೆ. ಗಾಜಿನ ತೊಟ್ಟಿಯ ಅರ್ಧಕ್ಕೆ ನೀರು, ಒಂದು ಮೂಲೆಗೆ ಕೆಸರು, ಅದರ ಮೇಲೆ ಒಂದು ಓರೆ ಕಲ್ಲು. ಮುನ್ನಾ ಎದೆಯ ರೆಕ್ಕೆಗಳನ್ನು ಊರಿ ಆ ಕಲ್ಲು ಹತ್ತಿ ಕೂತು, ತಲೆಯ ಮೇಲಿನ ಎರಡು ಗುಂಡು ಕಣ್ಣುಗಳನ್ನು ಒಳಗೆ ಎಳೆದುಕೊಂಡು ಮತ್ತೆ ಹೊರಗೆ ಬಿಡುತ್ತಿತ್ತು. ನೊಣ ಹಿಡಿದು ಹಾಕಿದರೆ ಜಿಗಿದು ನುಂಗುತ್ತಿತ್ತು. ಮೊದಲ ಸಲ ನೋಡಿದಾಗ ನಮ್ಮ ಅತ್ತೆ, “ಇದು ಮೀನಲ್ಲ, ಕಪ್ಪಿ ಅದ. ಮಾಸ್ತರಣಿಗಿ ಯಾರೋ ಟೋಪಿ ಹಾಕ್ಯಾರ” ಎಂದಿದ್ದರು.

ಸೈನ್ಯ ಬರುತ್ತದೆ, ಗಲಾಟೆ ಆಗುತ್ತದೆ ಎಂಬ ಸುದ್ದಿ ಹಬ್ಬಿದಾಗ ಆಪಾ ಹೈದರಾಬಾದಿನ ಅಕ್ಕನ ಮನೆಗೆ ಹೊರಟರು. ರೈಲಿನ ನೂಕುನುಗ್ಗಲಿನಲ್ಲಿ ಗಾಜಿನ ತೊಟ್ಟಿ ಒಯ್ಯುವುದು ಹೇಗೆ? ನನ್ನನ್ನು ಕರೆದು ಹೇಳಿದರು.

“ಗೌರಾ, ಮುನ್ನಾನ್ನ ನಿನ್ನ ಕೈಯಾಗ ಇಟ್ಟು ಹೊಂಟೀನಿ ನೋಡವ್ವ. ಬರೇ ಸಿಹಿನೀರಾಗ ಬಹಳ ದಿನ ಬದುಕೂದಿಲ್ಲ ಇದು. ವಾರಕ್ಕೊಮ್ಮಿ ನೀರು ಬದಲಿ ಮಾಡು, ಉಪ್ಪು ಹಾಕು. ಸಾರಿಗಿಂತ ಜಾಸ್ತಿ, ಉಪ್ಪಿನಕಾಯಿಗಿಂತ ಕಡಿಮಿ.”

“ನೀವು ಬರೋ ತನಕ ಮುನ್ನಾ ಇರ್ತಾನರಿ ಆಪಾ. ನಾ ಅದೀನಿ ಅಲ್ಲ” ಎಂದೆ. ನಾನು ಕುರಿ ಸಾಕಿದ ಮನೆಯಲ್ಲಿ ಬೆಳೆದವಳು. ತಾಯಿ ಸತ್ತ ಮರಿಗಳಿಗೆ ಬಟ್ಟೆಯ ಬತ್ತಿಯಿಂದ ಹಾಲು ಕುಡಿಸಿ ದೊಡ್ಡವು ಮಾಡಿದವಳು. ಬೆರಳುದ್ದದ ಮೀನು ಯಾವ ಲೆಕ್ಕ?

ಲೆಕ್ಕ ತಪ್ಪಿದ್ದು ಉಪ್ಪಿನ ವಿಷಯದಲ್ಲಿ. ಹಿಂದೂಸ್ತಾನದ ಸರ್ಕಾರ ನಿಜಾಮನ ಸೀಮೆಗೆ ಬರುವ ಸರಕನ್ನು ತಿಂಗಳುಗಟ್ಟಲೆ ತಡೆದಿತ್ತು. ಉಪ್ಪು ಸಿಗುವುದೇ ಕಷ್ಟವಾಗಿತ್ತು. ಆಪಾ ಬಿಟ್ಟುಹೋದ ಒಂದು ಬರಣಿ ಹರಳುಪ್ಪೇ ನನ್ನ ಬಂಡವಾಳ. ಆಮೇಲೆ ಸೈನ್ಯ ಬಂತು, ನಿಜಾಮನ ಆಳಿಕೆ ಮುಗಿಯಿತು, ಅಂಗಡಿಗಳು ಬಾಗಿಲು ಹಾಕಿದವು. ಅದಕ್ಕಿಂತ ಮೊದಲೂ ಆಮೇಲೂ ನಮ್ಮ ಜಿಲ್ಲೆಯಲ್ಲಿ ಆಗಬಾರದ್ದು ಆಗಿಹೋಯಿತು. ಎರಡೂ ಕಡೆಯ ಮನೆಗಳಲ್ಲಿ ದೀಪ ಆರಿದವು. ಆಪಾ ಹೋದ ರೈಲು ಹೈದರಾಬಾದು ಮುಟ್ಟಿತೋ ಇಲ್ಲವೋ ಹೇಳುವವರಿರಲಿಲ್ಲ. ನನ್ನ ಗಂಡ ಸೊಲ್ಲಾಪುರದ ಗಿರಣಿಯಲ್ಲಿದ್ದರು, ಅವರದೂ ಸುದ್ದಿ ಇಲ್ಲ.

ಬರಣಿಯಲ್ಲಿ ಒಂದು ಹಿಡಿ ಉಪ್ಪು ಉಳಿದಾಗ ಅತ್ತೆ ಸಿಟ್ಟಿಗೆದ್ದರು. “ಮನ್ಯಾಗ ಮೂರು ಮಂದಿ ಸಪ್ಪನ ಸಾರು ಉಣ್ಣಾಕತ್ತೀವಿ. ಮೀನಿಗಿ ಉಪ್ಪಂತ! ಆ ಮಾಸ್ತರಣಿ ಬರ್ತಾಳೋ ಇಲ್ಲೋ ದೇವರಿಗೇ ಗೊತ್ತು.”

“ಬರ್ತಾರರಿ ಅತ್ತಿ” ಎಂದೆ. ಯಾವ ಧೈರ್ಯದ ಮೇಲೆ ಹಾಗಂದೆನೋ ಗೊತ್ತಿಲ್ಲ. ಆದರೆ ಮೀನು ಸತ್ತರೆ ಆಪಾ ಬರುವುದೂ ಸುಳ್ಳಾಗುತ್ತದೆ ಎಂದು ನನ್ನ ಮನಸ್ಸಿಗೆ ಗಟ್ಟಿಯಾಗಿ ಕೂತುಬಿಟ್ಟಿತ್ತು.

ನಮ್ಮ ಮಾವ ಬಿದರಿ ಕೆಲಸದವರು. ಹೂಜಿ, ಪಾನದಾನಿಗಳ ಮೇಲೆ ಬೆಳ್ಳಿಯ ಎಳೆ ಕೂರಿಸಿ ಕೊನೆಗೆ ಕೋಟೆಯ ಹಳೆ ಮಣ್ಣಿನಿಂದ ಕಪ್ಪು ಬಣ್ಣ ಬರಿಸುತ್ತಿದ್ದರು. ಆ ಮಣ್ಣು ಒಳ್ಳೆಯದೋ ಅಲ್ಲವೋ ಎಂದು ನೋಡುವುದು ನಾಲಗೆಯಿಂದ. ಚಿಟಿಕೆ ಬಾಯಿಗೆ ಹಾಕಿಕೊಂಡು, ಚುರುಕಾಗಿದೆಯೇ ಎಂದು ಸವಿದು, ಉಗುಳಿ, ಆಮೇಲೆ ಆರಿಸಿಕೊಳ್ಳುತ್ತಿದ್ದರು. ಲೋಕದ ಎಲ್ಲ ರೋಗಕ್ಕೂ ಕೋಟೆಯ ಮಣ್ಣೇ ಮದ್ದು ಎನ್ನುವಷ್ಟು ಅಭಿಮಾನ ಅವರಿಗೆ.

ಅವತ್ತು ನಾನು ಬಾವಿಯಿಂದ ನೀರು ತರುವಷ್ಟರಲ್ಲಿ ಅವರು ಅತ್ತೆ ಸೊಸೆಯರ ಜಗಳಕ್ಕೆ ತಾವೇ ತೀರ್ಮಾನ ಕೊಟ್ಟಾಗಿತ್ತು. ತೊಟ್ಟಿಯ ಮೂಲೆಗೆ ಕೋಟೆಯ ಮಣ್ಣು ಸುರಿದು ಕೈ ಝಾಡಿಸುತ್ತ ನಿಂತಿದ್ದರು.

“ಇನ್ನ ಉಪ್ಪಿನ ಚಿಂತಿ ಬಿಡು ಗೌರಾ. ನಾಲಿಗಿ ಮ್ಯಾಲ ಇಟ್ಟು ನೋಡೀನಿ, ಉಪ್ಪೇ ಉಪ್ಪು ಅದ” ಎಂದರು, ಬಹಳ ಖುಷಿಯಿಂದ.

ನಾನು ಕೊಡ ಇಳಿಸಿ ನೋಡುತ್ತೇನೆ, ಮುನ್ನಾ ಕಲ್ಲಿನ ಮೇಲಿಲ್ಲ. ನೀರಿನಲ್ಲಿ ಮಗ್ಗುಲಾಗಿ ಬಿದ್ದಿದೆ, ಕಿವಿರು ಏದುಸಿರು ಬಿಡುತ್ತಿದೆ, ಮೈ ಕಪ್ಪಿಟ್ಟಿದೆ. ಲೋಹದ ಪಾತ್ರೆಯನ್ನೇ ಕಪ್ಪು ಮಾಡುವ ಮಣ್ಣು ಜೀವವನ್ನು ಬಿಟ್ಟೀತೇ? ತಕ್ಷಣ ಎತ್ತಿ ಬಾವಿಯ ನೀರಿನಲ್ಲಿ ಮೇಲಿಂದ ಮೇಲೆ ತೊಳೆದೆ. ತೊಟ್ಟಿಯ ನೀರೆಲ್ಲ ಚೆಲ್ಲಿದೆ. ಉಳಿದ ಒಂದು ಹಿಡಿ ಉಪ್ಪು ತರಲು ಒಳಗೆ ಓಡಿದರೆ ಬರಣಿ ಖಾಲಿ. ಅತ್ತೆ ಆಗಲೇ ಸಾರಿಗೆ ಹಾಕಿದ್ದರು.

ಮಾವನ ಮುಖ ನೋಡಲಾಗಲಿಲ್ಲ. “ನಾ ಛಲೋದಕ್ಕ ಅಂತ ಮಾಡ್ದೆ...” ಎಂದು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು.

“ಏಳ್ರಿ ಮಾವ, ಕಮಠಾಣಕ್ಕ ಹೋಗೂಣು. ನಮ್ಮ ಅವ್ವನ ದೊಡ್ಡ್ಯಾಗ ಉಪ್ಪು ಅದ” ಎಂದೆ. ಕುರಿ ಇದ್ದ ಮನೆಯಲ್ಲಿ ಮಳೆಗಾಲಕ್ಕೆ ಮೊದಲೇ ಕಲ್ಲುಪ್ಪಿನ ಗಡ್ಡೆ ತಂದು ದೊಡ್ಡಿಯಲ್ಲಿ ಹಗ್ಗಕ್ಕೆ ಕಟ್ಟುವ ಪದ್ಧತಿ. ಹಸಿ ಹುಲ್ಲು ತಿಂದ ಕುರಿಗಳು ಅದನ್ನು ನೆಕ್ಕಲೇಬೇಕು.

ಮಣ್ಣಿನ ಗಡಿಗೆಯಲ್ಲಿ ಒದ್ದೆ ಬಟ್ಟೆ ಹಾಸಿ, ಮುನ್ನಾನನ್ನು ಮಲಗಿಸಿ, ಗಡಿಗೆಯ ಬಾಯಿಗೆ ತೆಳು ಅರಿವೆ ಕಟ್ಟಿ ಇಬ್ಬರೂ ನಡೆದೆವು. ಊರ ಹೊರಗೆ ಸೈನಿಕರು ತಡೆದರು. ಬಾಯಿ ಕಟ್ಟಿದ ಗಡಿಗೆ ಎಂದರೆ ಆ ದಿನಗಳಲ್ಲಿ ಬಂಗಾರವೂ ಇರಬಹುದು, ಬಾಂಬೂ ಇರಬಹುದು. ಒಬ್ಬ ಎತ್ತರದ ಸಿಪಾಯಿ ಬಂದೂಕಿನ ತುದಿಯಿಂದ ತೋರಿಸಿ ಹಿಂದಿಯಲ್ಲಿ ಏನಿದೆ ಎಂದು ಗದರಿದ. ಮಾವ ನನ್ನ ಹಿಂದೆ ಸರಿದರು. ನಾನೇ, “ಮಛಲೀ ಹೈ ಸಾಬ್, ಬೀಮಾರ್ ಹೈ” ಎಂದೆ.

“ಬೀಮಾರ್ ಮಛಲೀ?” ಮೀನಿಗೆ ಹುಷಾರಿಲ್ಲ ಎಂದರೆ ಅವನಿಗೆ ನಾನು ತಮಾಷೆ ಮಾಡುತ್ತಿದ್ದೇನೆ ಎನಿಸಿರಬೇಕು. ಅರಿವೆ ಬಿಚ್ಚಿ, ಬಗ್ಗಿ ಗಡಿಗೆಯೊಳಗೆ ಇಣುಕಿದ. ಅದೇ ಹೊತ್ತಿಗೆ ಮುನ್ನಾ ಒಂದು ಕಣ್ಣನ್ನು ಮೆಲ್ಲಗೆ ಒಳಗೆ ಎಳೆದುಕೊಂಡು ಹೊರಗೆ ಬಿಟ್ಟಿತು. ಸಿಪಾಯಿ ಎರಡು ಹೆಜ್ಜೆ ಹಿಂದೆ ಹಾರಿದ. ಉಳಿದವರು ಓಡಿ ಬಂದು ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕು, ತಾನೇ ಬಗ್ಗಿ ಅರಿವೆಯನ್ನು ಮೊದಲಿನಂತೆ ಕಟ್ಟಿಕೊಟ್ಟು, “ಜಾವೋ ಬಹನ್, ಜಲ್ದೀ ಜಾವೋ” ಎಂದ. ಅಷ್ಟು ದಿನಗಳಲ್ಲಿ ಯಾರಾದರೂ ನಗುವುದನ್ನು ನಾನು ಕೇಳಿದ್ದು ಅದೇ ಮೊದಲು.

ಕಮಠಾಣ ಮುಟ್ಟಿದಾಗ ಅವ್ವ ದೊಡ್ಡಿ ಗುಡಿಸುತ್ತಿದ್ದಳು. ಕುರಿ ನೆಕ್ಕಿ ನೆಕ್ಕಿ ಉಪ್ಪಿನ ಗಡ್ಡೆ ಮುಷ್ಟಿಯಷ್ಟಾಗಿತ್ತು. ಅವ್ವ ಗಡಿಗೆಯೊಳಗೆ ನೋಡಿದಳು, ಗಡ್ಡೆಯನ್ನು ನೋಡಿದಳು, ತನ್ನ ಕುರಿಗಳನ್ನೂ ನೋಡಿದಳು.

“ಯಾರದವ್ವ ಇದು?”

“ಜುಬೇದಾ ಆಪಾಂದು. ಬರೋ ತನಕ ಇರ್ತದ ಅಂತ ಮಾತು ಕೊಟ್ಟೀನಿ.”

ಅವ್ವ ಹಗ್ಗ ಬಿಚ್ಚಿ, ಗಡ್ಡೆಯನ್ನು ಒರಳಿಗೆ ಹಾಕಿ ಕುಟ್ಟಿದಳು. “ಕುರಿ ನಾಲ್ಕು ದಿನ ಒದರ್ತಾವ, ಒದರಲಿ. ಸಾಯೂದಿಲ್ಲ” ಎಂದಳು.

ನೀರಿಗೆ ಉಪ್ಪು ಕದಡಿ, ರುಚಿ ನೋಡಿ, ಅಗಲ ಬಾಯಿಯ ಮಣ್ಣಿನ ಬೋಗುಣಿಯಲ್ಲಿ ಹಾಕಿ ಮುನ್ನಾನನ್ನು ಬಿಟ್ಟೆ. ಮೊದಲು ಕಲ್ಲಿನಂತೆ ಬಿದ್ದಿತ್ತು. ಅವ್ವ ರೊಟ್ಟಿ ಕೊಟ್ಟರೆ ಮಾವ ಮುಟ್ಟಲಿಲ್ಲ. ಜೀವನವಿಡೀ ಕಣ್ಣು ಕಿರಿದು ಮಾಡಿ ಬೆಳ್ಳಿ ಎಳೆ ನೋಡಿದ ಮನುಷ್ಯ, ಈಗ ಅದೇ ಕಣ್ಣುಗಳಿಂದ ಆ ಪುಟ್ಟ ಕಿವಿರನ್ನೇ ನೋಡುತ್ತ ಕೂತರು. ಕುರಿ ಮೇದು ಮನೆಗೆ ಬರುವ ಹೊತ್ತಿಗೆ, “ಎದ್ದ! ಗೌರಾ, ಎದ್ದ ನೋಡು!” ಎಂದು ಕೂಗಿದರು. ಮುನ್ನಾ ಬೋಗುಣಿಯ ಅಂಚು ಹತ್ತಿ ಕೂತು ಕುರಿಗಳನ್ನು ನೋಡುತ್ತಿತ್ತು. ನನಗೆ ಅಳು ಬಂತು. ಮಾವನೂ ಅತ್ತರು.

ಅಂಗಡಿಗಳು ಮತ್ತೆ ತೆರೆದವು, ಸೊಲ್ಲಾಪುರದಿಂದ ಗಂಡನ ಕಾಗದವೂ ಬಂತು. ಚಳಿಗಾಲ ಶುರುವಾದ ಮೇಲೆ ಒಂದು ಮುಂಜಾನೆ ಆಪಾರ ಮನೆಯ ಮುಂದೆ ಟಾಂಗಾ ನಿಂತಿತು. ಆಪಾ ಬಹಳ ಸೊರಗಿದ್ದರು. ಕೆಳಗಿಳಿದವರು ಪೆಟ್ಟಿಗೆ ಇಳಿಸಲು ಹೇಳಲಿಲ್ಲ. ಉಳಿದ ನಾಲ್ಕು ಸಾಮಾನು ಕಟ್ಟಿಕೊಂಡು, ಮನೆಗೆ ಬೀಗ ಹಾಕಿ, ಬಂದರಿನ ತಮ್ಮನ ಕಡೆಗೆ ಹೋಗಿಬಿಡುತ್ತೇನೆ ಎಂದರು. “ಇಲ್ಲಿ ಇನ್ನ ನಂದಂತ ಏನದ ಗೌರಾ?”

ನಾನು ಕೈ ಹಿಡಿದು ನಮ್ಮ ಪಡಸಾಲೆಗೆ ಕರೆತಂದೆ. ಮುನ್ನಾ ಕಲ್ಲಿನ ಮೇಲೆ ಕೂತಿತ್ತು, ಮೊದಲಿಗಿಂತ ದಪ್ಪಗಾಗಿತ್ತು. ಆಪಾ ಬುರ್ಖಾದ ಮುಸುಕು ಸರಿಸಿ ನೆಲದ ಮೇಲೆ ಕೂತರು. “ಉಪ್ಪೆಲ್ಲಿಂದ ತಂದ್ರಿ? ಮನಷ್ಯಾರಿಗೇ ಇದ್ದಿದ್ದಿಲ್ಲಲ್ಲ” ಎಂದರು.

ಯಾರ ಮುಂದೆಯೂ ತಲೆ ತಗ್ಗಿಸದ ನಮ್ಮ ಮಾವ ಮುಂದೆ ಬಂದು, ತಮ್ಮ ಮಣ್ಣಿನ ಪ್ರತಾಪದಿಂದ ಹಿಡಿದು ಕುರಿಗಳ ಉಪ್ಪಿನ ತನಕ ಒಂದೂ ಬಿಡದೆ ಹೇಳಿದರು. ಸಿಪಾಯಿ ಹಿಂದಕ್ಕೆ ಹಾರಿದ್ದನ್ನು ಎದ್ದು ನಿಂತು ಮಾಡಿಯೂ ತೋರಿಸಿದರು. ಆಪಾ ನಗುತ್ತಲೇ ಇದ್ದರು, ಕಣ್ಣಿನಿಂದ ನೀರು ಹರಿಯುತ್ತಲೇ ಇತ್ತು. ಕೊನೆಗೆ ಮುಸುಕಿನ ಅಂಚಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಗೌರಾ, ಟಾಂಗಾದವಗ ಹೇಳವ್ವ, ಪೆಟಗಿ ಇಳಸಲಿ.”

ನಾನು ಟಾಂಗಾದವನಿಗೆ ಹೇಳುತ್ತ ನಿಲ್ಲಲಿಲ್ಲ. ಪೆಟ್ಟಿಗೆಯ ಒಂದು ಹಿಡಿಕೆಯನ್ನು ನಾನೇ ಹಿಡಿದೆ. ಇನ್ನೊಂದನ್ನು ಹಿಡಿದವರು, ಕರೆಯದೇ ಒಳಗಿನಿಂದ ಬಂದ ನಮ್ಮ ಅತ್ತೆ. ಆಮೇಲಿನ ಬಾಳಿನಲ್ಲಿ ಎಷ್ಟೋ ಭಾರ ಹೊತ್ತಿದ್ದೇನೆ. ಅಷ್ಟು ಖುಷಿಯಿಂದ ಹೊತ್ತದ್ದು ಆ ಪೆಟ್ಟಿಗೆ ಒಂದನ್ನೇ.